ನನ್ನ ಟೆಂಟಿಗೆ ಬಂದವರು

ನಾನು ಎಲ್ಲಿ ಒಬ್ಬಳೇ ಕೂತರೂ ಅಲ್ಲೊಂದು ಸಭೆ ಸೇರುತ್ತದೆ. ಅದೇನು ಜಾತಕವೋ ಗೊತ್ತಿಲ್ಲ. ಚಿಕ್ಕವಳಿದ್ದಾಗ ಸಾಲು ಚಾಪೆ, ಹಾಸ್ಟೆಲಿನಲ್ಲಿ ರೂಮು ತುಂಬ ಹುಡುಗಿಯರು, ಮದುವೆಯಾದ ಮೇಲೆ ಗಂಡನ ಗೊರಕೆ. ಐವತ್ತು ದಾಟಿದರೂ ಒಂದು ರಾತ್ರಿಯನ್ನೂ ಒಬ್ಬಳೇ ಕಳೆದವಳಲ್ಲ. ನಾನು ಹೈಸ್ಕೂಲ್ ಟೀಚರು. ದಸರಾ ರಜೆ ಬಂದಾಗ ಹಟ ಹಿಡಿದೆ: ಒಂದು ಟೆಂಟ್, ನಮ್ಮ ಹಳೇ ಕಾರು, ಕಾರವಾರದಾಚೆಯ ಯಾವುದಾದರೂ ಖಾಲಿ ಕಡಲತೀರ, ಅಲ್ಲಿ ಒಂದೇ ಒಂದು ರಾತ್ರಿ ನಾನೊಬ್ಬಳೇ. ನಮ್ಮೂರು ಅರಸೀಕೆರೆಯಲ್ಲಿ ಇಂಥ ಆಸೆ ಹೇಳಿಕೊಂಡರೆ ಜನ ಮೊದಲು ನೋಡುವುದು ಗಂಡನ ಮುಖವನ್ನು.

ತಾಲೀಮು

ಟೆಂಟ್ ಕಟ್ಟುವುದನ್ನು ಕಲಿಯಲು ಗೆಂಡೆಹಳ್ಳಿ ಹತ್ತಿರ ಸ್ನೇಹಿತೆಯ ಹೊಲಕ್ಕೆ ಹೋದೆ. ರಸ್ತೆ ಪಕ್ಕದ ಹೊಲ. ಕೋಲು ಯಾವುದು, ಗೂಟ ಯಾವುದು ಎಂದು ತಿಳಿಯುವಷ್ಟರಲ್ಲಿ ತಲೆ ಸುತ್ತಿತು. ಟೆಂಟಿನ ಬಾಗಿಲಲ್ಲೇ ಕೂತು, ಬ್ಯಾಗಿನಲ್ಲಿದ್ದ ಬಿಪಿ ಮಿಷನ್ ತೆಗೆದು ತೋಳಿಗೆ ಸುತ್ತಿಕೊಂಡೆ. ತಲೆ ಎತ್ತಿದರೆ ಎದುರಿಗೆ ಜನ ಸಾಲು ನಿಂತಿದ್ದಾರೆ. ಮುಂದಿದ್ದ ಅಜ್ಜ ಆಗಲೇ ಅಂಗಿ ತೋಳು ಮಡಚಿದ್ದ.

"ನಾನು ಡಾಕ್ಟರ್ ಅಲ್ಲ ತಾತ, ಟೀಚರು," ಎಂದೆ.

"ಯಾರಾದ್ರೇನವ್ವಾ, ಮಿಸನ್ನು ಐತಲ್ಲ. ನೋಡು."

ನೋಡಿದೆ. ಇಡೀ ಸಾಲಿನಲ್ಲಿ ಬಿಪಿ ಜಾಸ್ತಿ ಇದ್ದದ್ದು ನನಗೊಬ್ಬಳಿಗೇ.

ಬರಿಗೈ

ಹೊರಡುವ ದಿನ ನಾದಿನಿ ಕಣಕಟ್ಟೆಯ ತೋಟದಿಂದ ಒಂದು ಮೂಟೆ ತೆಂಗಿನಕಾಯಿ ತಂದು ಡಿಕ್ಕಿಗೆ ಹಾಕಿಸಿದಳು. ನಮ್ಮ ಕಡೆಯವರು ಕಾಯಿ ಹಿಡಿಯದೆ ಯಾರ ಹೊಸಿಲೂ ತುಳಿಯುವುದಿಲ್ಲ.

"ಯಾರ ಮನೆಗೂ ಹೋಗ್ತಿಲ್ಲ ಕಣೇ, ಸಮುದ್ರಕ್ಕೆ ಹೋಗ್ತಿದೀನಿ."

"ಸಮುದ್ರದ ತಾವ ಬರಿಗೈಲಿ ಹೋಯ್ತಾರಾ ಅತ್ತಿಗೆ?"

"ಅಲ್ಲಿ ದಡದ ತುಂಬ ತೆಂಗಿನ ಮರಾನೇ ಇರೋದು."

"ಇರ್ಲಿ ಬಿಡಿ. ನಮ್ಮ ಕಾಯಿ ರುಚಿ ಅವರೂ ನೋಡ್ಲಿ."

ಡಿಕ್ಕಿಯಲ್ಲಿ ಜಾಗ ಸಾಲದೆ, ಟೆಂಟನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿದೆ.

ನೀಲಿ ಚುಕ್ಕೆ

ಗಂಡನದ್ದು ಒಂದೇ ಷರತ್ತು: ನಾನು ಎಲ್ಲಿದ್ದೇನೆಂದು ನೆಂಟರ ವಾಟ್ಸಾಪ್ ಗುಂಪಿಗೆ ಸದಾ ಕಾಣುತ್ತಿರಬೇಕು. ಒಪ್ಪಿದ್ದೇ ತಪ್ಪಾಯಿತು. ಮ್ಯಾಪಿನಲ್ಲಿ ನನ್ನ ನೀಲಿ ಚುಕ್ಕೆ ಸಾಗರ ಪೇಟೆ ಮುಟ್ಟುತ್ತಿದ್ದಂತೆ ಅಲ್ಲಿರುವ ಚಿಕ್ಕಮ್ಮನ ಫೋನ್ ಬಂತು.

"ಎಡಕ್ಕೆ ತಿರುಗು. ಅನ್ನಕ್ಕಿಟ್ಟಿದೀನಿ."

ತಿರುಗಿದೆ. ಆ ರಾತ್ರಿ ನಾನು ಮಲಗಿದ್ದು ಚಿಕ್ಕಮ್ಮ ಮತ್ತು ಅವರ ಇಬ್ಬರು ಸೊಸೆಯರ ನಡುವೆ.

ಕೊನೆಗೂ ಕಡಲು

ಮರುದಿನ ಕಾರವಾರ ದಾಟಿ, ಮಣ್ಣಿನ ರಸ್ತೆಯೊಂದನ್ನು ಹಿಡಿದು ಇಳಿದೆ. ಮೂರು ಕಡೆ ಗುಡ್ಡ, ನಡುವೆ ಮರಳು, ಮೀನುಗಾರರದ್ದೊಂದು ಮನೆ, ಮುಂದೆ ಬರೀ ನೀರು. ಟೆಂಟ್ ಮೊದಲ ಸಲಕ್ಕೇ ನೆಟ್ಟಗೆ ನಿಂತಿತು. ಖುಷಿಗೆ ನನಗೆ ಅಳು ಬಂತು. ಸೂರ್ಯ ಮುಳುಗುವ ಹೊತ್ತಿಗೆ ಒಂದು ಆಟೋ ಬಂತು. ಇಳಿದವರು ನನ್ನ ಗಂಡ, ಕಂಕುಳಲ್ಲಿ ದಿಂಬು.

"ನನಗೆ ಭಯ ಆಗುತ್ತೆ ಅಂತ ಬಂದ್ರಾ?"

"ಇಲ್ಲ ಕಣೇ," ಎಂದು ನೆಲ ನೋಡಿದರು. "ನೆನ್ನೆ ರಾತ್ರಿ ಮನೇಲಿ ನನಗೇ ಭಯ ಆಯ್ತು. ಬೆಳಿಗ್ಗೆ ಸಿಕ್ಕಿದ ಬಸ್ ಹತ್ತಿ, ನಿನ್ನ ಚುಕ್ಕೆ ಹಿಂದೇನೇ ಬಂದುಬಿಟ್ಟೆ."

ಪಾಪ ಅನಿಸಿತು. ಅದಕ್ಕಿಂತ ಜಾಸ್ತಿ ಸಿಟ್ಟು ಬಂತು. ಊಟ ಬಡಿಸಿ, ಕಾರಿನ ಕೀ ಕೈಗಿಟ್ಟೆ.

"ನೀವು ಕಾರಲ್ಲಿ ಮಲಗಿ. ಟೆಂಟ್ ನನ್ನದು."

"ಒಬ್ಬನೇನಾ?"

"ಒಬ್ಬರೇ. ಹಾಡು ಹಾಕ್ಕೊಳ್ಳಿ."

ಜಿಪ್ ಎಳೆದುಕೊಂಡೆ. ಅಲೆಯ ಸದ್ದು ಬಿಟ್ಟರೆ ಗೊರಕೆಯಿಲ್ಲ, ಕೆಮ್ಮಿಲ್ಲ, ಯಾರ ಕಾಲೂ ನನ್ನ ಮೇಲಿಲ್ಲ. ಹುಟ್ಟಿದ ಮೇಲೆ ಅಂಥ ನಿದ್ದೆ ಮಾಡಿರಲಿಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ಕಾರು ಖಾಲಿ. ಮೀನುಗಾರರ ಮನೆಗೆ ಓಡಿದೆ. ಜಗುಲಿಯಲ್ಲಿ ಆ ಮನೆಯ ಮಕ್ಕಳು ಸಾಲಾಗಿ ಮಲಗಿದ್ದರು; ಸಾಲಿನ ನಡುವೆ, ದಿಂಬು ಅಪ್ಪಿಕೊಂಡು, ನಮ್ಮವರು ಗೊರೆಯುತ್ತಿದ್ದರು. ಮನೆಯಾಕೆ ನನ್ನ ಕೈಗೆ ಚಹಾ ಲೋಟ ಕೊಟ್ಟು, ಹತ್ತಿರ ಬಂದು ಮೆಲ್ಲಗೆ ಕೇಳಿದಳು:

"ಅಲ್ಲ ಅಕ್ಕೋರೇ, ಗಂಡನ್ನ ಹೊರಗೆ ಹಾಕೂಕೆ ಇಷ್ಟು ದೂರ ಕರ್ಕಂಡು ಬರ್ಬೇಕಿತ್ತಾ?"