ಭಾನುವಾರದ ಕಾಲುಚೀಲ

ಪಾಠ ಹೇಳುವವರಿಗೆ ಒಂದು ಅಪಾಯವಿದೆ. ಹೇಳಿದ ಪಾಠ ಒಂದಲ್ಲ ಒಂದು ದಿನ ಅವರ ಮೈಮೇಲೆಯೇ ಬರುತ್ತದೆ. ಇತಿಹಾಸದ ಮೇಷ್ಟ್ರಿಗೆ ಈ ಭಯವಿಲ್ಲ, ಪಾಣಿಪತ್ತಿನ ಯುದ್ಧ ಅವರ ಮನೆಯಂಗಳದಲ್ಲಿ ನಡೆಯುವ ಸಂಭವ ಕಡಿಮೆ. ನಾನು ಜೀವಶಾಸ್ತ್ರದವನು. ತಲೆಗೂದಲು ಕಪ್ಪಿದ್ದ ಕಾಲದಿಂದಲೂ ನ್ಯಾಮತಿಯ ಹೈಸ್ಕೂಲಿನಲ್ಲಿ ರಕ್ತನಾಳಗಳ ಪಾಠ ಮಾಡುತ್ತ ಬಂದಿದ್ದೇನೆ. ಬೋರ್ಡಿನ ಮೇಲೆ ಕೆಂಪು ಸೀಮೆಸುಣ್ಣದಲ್ಲಿ ಅಪಧಮನಿ, ನೀಲಿಯಲ್ಲಿ ಅಭಿಧಮನಿ. ಅಪಧಮನಿಯದು ದಪ್ಪ ಗೋಡೆ. ಹೃದಯ ತಳ್ಳಿದ ರಕ್ತವನ್ನು ರಭಸದಿಂದ ಮೈಗೆಲ್ಲ ಹೊತ್ತೊಯ್ಯುತ್ತದೆ. ಅಭಿಧಮನಿಯದು ತೆಳು ಗೋಡೆ, ನಿಧಾನದ ಸ್ವಭಾವ. ಹೋದ ರಕ್ತವನ್ನು ವಾಪಸು ಕರೆತರುವುದು ಅದರ ಕೆಲಸ. ಪಾದದಿಂದ ಎದೆಯ ತನಕ ಮೇಲಕ್ಕೆ ಹತ್ತಿಸಬೇಕಲ್ಲ, ನಡುದಾರಿಯಲ್ಲಿ ಜಾರಿ ಕೆಳಕ್ಕೆ ಬೀಳದಿರಲಿ ಎಂದು ಅಲ್ಲಲ್ಲಿ ಕವಾಟಗಳಿವೆ. ಕವಾಟ ಎಂದರೆ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತವೆ. ಆಗ ನಾನು ಹೊನ್ನಾಳಿ ಬಸ್ಸಿನ ಕಂಡಕ್ಟರನನ್ನು ಕರೆತರುತ್ತೇನೆ. "ಮುಂದಕ್ ಹೋಗ್ರೀ, ಮುಂದಕ್ ಹೋಗ್ರೀ" ಎಂದು ಅವನು ತಳ್ಳಿದ ಮೇಲೆ ಹಿಂದಕ್ಕೆ ಬಂದ ಪ್ರಯಾಣಿಕನನ್ನು ಯಾರಾದರೂ ಕಂಡಿದ್ದೀರಾ? ಅದೇ ಕವಾಟ. ಈ ಪಾಠವನ್ನು ಇಷ್ಟು ವರ್ಷ ನಿಂತೇ ಮಾಡಿದ್ದರ ಫಲವಾಗಿ ನನ್ನ ಎಡಗಾಲಿನ ಕಂಡಕ್ಟರುಗಳೆಲ್ಲ ಒಂದು ದಿನ ಕೈಚೆಲ್ಲಿ ಕೂತುಬಿಟ್ಟರು. ಮೀನಖಂಡದ ಮೇಲೆ ನೀಲಿ ಗಂಟುಗಳು ಎದ್ದವು. ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದುದಕ್ಕಿಂತ ಸ್ಪಷ್ಟವಾದ ಚಿತ್ರ.

ನಮ್ಮ ಕಡೆ ಮೈಯೊಳಗೆ ಉದ್ದಕ್ಕೆ ಇರುವುದೆಲ್ಲವೂ ನರವೇ. ಶಾಲೆಯ ಸ್ಟಾಫ್ ರೂಮಿನಿಂದ ಹಿಡಿದು ಕಿರಾಣಿ ಅಂಗಡಿಯ ತನಕ ಎಲ್ಲರೂ "ಮೇಷ್ಟ್ರಿಗೆ ನರ ಗಂಟು ಕಟ್ಟೈತಂತೆ" ಎಂದು ಮರುಗಿದರು. "ನರ ಅಲ್ರೀ, ಅಭಿಧಮನಿ" ಎಂದು ನಾನು ತಿದ್ದಿದೆ. ಪಾಪ, ರೋಗ ತಲೆಗೂ ಏರಿದೆ ಎಂಬಂತೆ ನೋಡಿದರು. ಶಿವಮೊಗ್ಗದ ಡಾಕ್ಟರು ಮಾತ್ರ ಹೆಸರಿನ ಗೊಡವೆಗೆ ಹೋಗದೆ ಒಂದು ಕಾಲುಚೀಲ ಕೊಟ್ಟರು. ಅದು ಹಗಲೆಲ್ಲ ಕಾಲನ್ನು ಹೊರಗಿನಿಂದ ಹಿಸುಕಿ ರಕ್ತವನ್ನು ಮೇಲಕ್ಕೆ ದೂಡುತ್ತದೆ. ಷರತ್ತೆಂದರೆ, ಬೆಳಗ್ಗೆ ಹಾಸಿಗೆ ಬಿಟ್ಟೇಳುವ ಮೊದಲು, ಪಾದ ನೆಲ ಮುಟ್ಟುವ ಮುಂಚೆಯೇ ಹಾಕಿಕೊಳ್ಳಬೇಕು. ಎದ್ದು ನಿಂತರೆ ರಕ್ತ ಕೆಳಗಿಳಿದು ಕೂತುಬಿಡುತ್ತದೆ. ಅದನ್ನು ಹಾಕಿಕೊಳ್ಳುವ ಕಷ್ಟ ಹಾಕಿಕೊಂಡವರಿಗೇ ಗೊತ್ತು. ಮುಂಗಾಲಿನವರೆಗೆ ಹೇಗೋ ಬರುತ್ತದೆ, ಹಿಮ್ಮಡಿಗೆ ಬಂದು ಹಟ ಹಿಡಿದು ನಿಲ್ಲುತ್ತದೆ. ನನ್ನ ಹೊಟ್ಟೆಯೋ ಬಗ್ಗಲು ಬಿಡುವುದಿಲ್ಲ. ಹಲ್ಲು ಕಚ್ಚಿ ಎಳೆದು, ಉಸಿರುಗಟ್ಟಿ, ಮೊದಲ ವಾರದಲ್ಲಿ ಒಮ್ಮೆ ಮಂಚದಿಂದ ಉರುಳಿಯೂ ಬಿದ್ದೆ.

ಎರಡು ಕೈ ಸಾಲದ ಈ ಕೆಲಸಕ್ಕೆ ನಾಲ್ಕು ಕೈ ಬೇಕು. ಉಳಿದೆರಡು ಕೈ ಜಗಳೂರಿನಲ್ಲಿದ್ದವು. ನನ್ನ ಹೆಂಡತಿ ಗಿರಿಜಾ ಅಲ್ಲಿನ ಹೈಸ್ಕೂಲಿನಲ್ಲಿ ಗಣಿತದ ಟೀಚರು. ವರ್ಗಾವಣೆಗೆ ಅರ್ಜಿ ಹಾಕುತ್ತಲೇ ಇದ್ದೇವೆ, ಅದು ಆಗದೆ ಉಳಿಯುತ್ತಲೇ ಇದೆ. ಮಗಳು ಮದುವೆಯಾಗಿ ಚನ್ನಗಿರಿ ಸೇರಿದ ಮೇಲೆ ನಮ್ಮಿಬ್ಬರದು ಎರಡು ಊರಿನಲ್ಲಿ ಎರಡು ಕುಕ್ಕರಿನ ಸಂಸಾರ. ಶನಿವಾರ ಬೆಳಗಿನ ಶಾಲೆ ಮುಗಿಸಿ ಅವಳು ಬಸ್ಸು ಹತ್ತುತ್ತಾಳೆ. ಜಗಳೂರಿನಿಂದ ದಾವಣಗೆರೆ, ಅಲ್ಲಿಂದ ಹೊನ್ನಾಳಿ, ಹೊನ್ನಾಳಿಯಿಂದ ನ್ಯಾಮತಿ. ದೀಪ ಹಚ್ಚುವ ಹೊತ್ತಿಗೆ ಬಂದವಳು ಭಾನುವಾರ ಊಟ ಮುಗಿಸಿ ಹೊರಟೇಬಿಡುತ್ತಾಳೆ. ನಡುವಿನ ಭಾನುವಾರ ಬೆಳಗ್ಗೆ ಮಾತ್ರ ನನ್ನ ಪಾಲಿನದು. ಅವಳು ಮಂಚದ ತುದಿಯಲ್ಲಿ ಕೂತು, ನನ್ನ ಪಾದವನ್ನು ಮಡಿಲಲ್ಲಿಟ್ಟುಕೊಂಡು, ಪೌಡರು ಹಚ್ಚಿ, ಕಾಲುಚೀಲವನ್ನು ಒಳಹೊರಗು ಮಾಡಿ ಸರಸರನೆ ಏರಿಸುತ್ತಾಳೆ. "ಕಾಲು ಸಡ್ಲ ಬಿಡ್ರೀ, ಮರದ ಕೊರಡಾಗೈತೆ" ಎಂದು ಗದರುತ್ತಾಳೆ. ಶಾಲೆಯ ಸುದ್ದಿ, ಮಗಳ ಸುದ್ದಿ, ಅಲ್ಲಿ ನೀರು ಬರದ ಸುದ್ದಿ ಎಲ್ಲ ಆಗಲೇ. ಪಾಠದಲ್ಲಿ ಲೋಮನಾಳ ಅಂತ ಬರುತ್ತದೆ, ಕೂದಲಿಗಿಂತ ಸಣ್ಣದು. ದೊಡ್ಡ ದೊಡ್ಡ ನಾಳಗಳೆಲ್ಲ ಬರೀ ಓಡಾಟಕ್ಕೆ. ಆಮ್ಲಜನಕ ಕೊಡುವುದು, ಬೇಡದ್ದನ್ನು ತೆಗೆದುಕೊಳ್ಳುವುದು ನಡೆಯುವುದು ಒಂದೇ ಪದರದ ಗೋಡೆಯ ಆ ಸಣ್ಣ ನಾಳಗಳಲ್ಲಿ ಮಾತ್ರ. ನಮ್ಮ ವಾರವೂ ಹಾಗೇ. ಫೋನು, ಬಸ್ಸು, ಬ್ಯಾಗು ಎಲ್ಲ ಓಡಾಟದ ಲೆಕ್ಕ. ನಾವಿಬ್ಬರು ಗಂಡ ಹೆಂಡಿರಾಗಿ ಇರುವುದು ಆ ಕಾಲುಗಂಟೆ. ಅದಕ್ಕಾಗಿ ನಾನು ಸೋಮವಾರದಿಂದಲೇ ಕಾಯುತ್ತಿದ್ದೆ.

ಈಗ ನಿಮ್ಮ ಹತ್ತಿರ ಮುಚ್ಚಿಡುವುದೇನು, ದೀಪಾವಳಿಯ ಆಸುಪಾಸಿನಲ್ಲಿ ನಾನು ಆ ಕಾಲುಚೀಲವನ್ನು ಒಬ್ಬನೇ ಹಾಕಿಕೊಳ್ಳುವುದನ್ನು ಕಲಿತುಬಿಟ್ಟೆ. ಮೊಬೈಲಿನಲ್ಲಿ ಯಾರೋ ಪುಣ್ಯಾತ್ಮ ತೋರಿಸಿದ. ಪಾದಕ್ಕೆ ಮೊದಲು ಒಂದು ನುಣುಪಾದ ಪ್ಲಾಸ್ಟಿಕ್ ಕವರು ಹಾಕಬೇಕು, ಅದರ ಮೇಲೆ ಕಾಲುಚೀಲ ಎಳೆದರೆ ಹಿಮ್ಮಡಿಯ ಹಟ ಮುರಿದು ಜಾರಿಕೊಂಡು ಬರುತ್ತದೆ. ಬೆರಳುಗಳ ಕಡೆ ಚೀಲ ತೆರೆದೇ ಇರುವುದರಿಂದ ಕವರನ್ನು ಅಲ್ಲಿಂದ ಹೊರಗೆಳೆದುಕೊಂಡರಾಯಿತು. ಇಷ್ಟೇ! ಸಂತೋಷದಿಂದ ಗಿರಿಜಾಗೆ ಹೇಳೋಣವೆಂದು ಫೋನು ಕೈಗೆತ್ತಿಕೊಂಡೆ. ಅವಳೇ ಮೊದಲು ಮಾತು ತೆಗೆದಳು. "ರೀ, ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಭಾನುವಾರನೂ ಸ್ಪೆಷಲ್ ಕ್ಲಾಸ್ ಶುರು ಮಾಡ್ತಾರಂತೆ. ಬಸ್ಸಿನಾಗೆ ಕುಂತೂ ಕುಂತೂ ನಂಗೂ ಸಾಕಾಗೈತೆ. ವಾರ ಬಿಟ್ಟು ವಾರ ಬರ್ಲಾ?"

 "ಆಯ್ತು, ಹಂಗೇ ಮಾಡು" ಎನ್ನಲು ಬಾಯಿ ತೆರೆದವನು, "ಮತ್ತೆ ಸಾಕ್ಸು?" ಅಂದೆ.

"ಇನ್ನೂ ಹಾಕ್ಕಳಾಕೆ ಬರ್ತಿಲ್ವಾ ನಿಮಗೆ?"

"ಎಲ್ಲೀದು! ಹಿಮ್ಮಡಿ ಹತ್ರ ನಿಂತುಬಿಡ್ತೈತೆ ಕಣೇ."

ಆ ಕಡೆ ಒಂದು ನಿಟ್ಟುಸಿರು. "ಸರಿ ಬಿಡ್ರಿ, ಬರ್ತೀನಿ. ಕ್ಲಾಸು ಬೇರೆಯೋರಿಗೆ ಹೇಳ್ತೀನಿ."

ಅಲ್ಲಿಂದ ಮುಂದೆ ವಾರವಿಡೀ ಬೆಳಗ್ಗೆ ಪ್ಲಾಸ್ಟಿಕ್ ಕವರಿನ ಸಹಾಯದಿಂದ ಚಿಟಿಕೆ ಹೊಡೆಯುವಷ್ಟರಲ್ಲಿ ಹಾಕಿಕೊಂಡು, ಫೋನಿನಲ್ಲಿ ಮಾತ್ರ ಏದುಸಿರು ಬಿಡುತ್ತಿದ್ದೆ. ಭಾನುವಾರ ಕವರು ದಿಂಬಿನ ಕೆಳಗೆ ಸೇರುತ್ತಿತ್ತು, ಕಾಲು ಅವಳ ಮಡಿಲಿಗೆ. ಜಗಳೂರಿಗೆ ನೀವೇ ಯಾಕೆ ಹೋಗಲಿಲ್ಲ ಎಂದು ನೀವು ಕೇಳಬಹುದು. ಕಾಲುನೋವಿನವನು ನಾನಲ್ಲವೇ? ಅಷ್ಟು ದೂರ ಬಸ್ಸಿನಲ್ಲಿ ಕೂತರೆ, ನಿಂತರೆ ರಕ್ತ ಇಳಿಯುವುದಿಲ್ಲವೇ? ಪಾಠ ಗೊತ್ತಿದ್ದವನಿಗೆ ನೆಪ ಹುಡುಕುವುದು ಸುಲಭ.

ಸಂಕ್ರಾಂತಿ ಕಳೆದ ಒಂದು ಭಾನುವಾರ ಗಿರಿಜಾ ಎಂದಿನಂತೆ ನನ್ನ ಕಾಲಿಗೆ ಚೀಲ ಏರಿಸಿ, ಪೌಡರ್ ಡಬ್ಬ ಮೇಲಿಡಲು ಸ್ಟೂಲು ಹತ್ತಿದಳು. ಸೀರೆಯ ನೆರಿಗೆ ಸ್ವಲ್ಪ ಮೇಲೆ ಸರಿಯಿತು. ಅವಳ ಮೀನಖಂಡದ ಮೇಲೆ, ಎರಡೂ ಕಾಲಲ್ಲಿ, ನನ್ನದಕ್ಕಿಂತ ದಪ್ಪದ ನೀಲಿ ಗಂಟುಗಳು.

"ಏನೇ ಇದು?"

ಅವಳು ಇಳಿದು ಸೀರೆ ಸರಿಮಾಡಿಕೊಂಡಳು. "ಏನಿರ್ತೈತೆ? ನಿಮ್ಮದೇ ರೋಗ. ಲೋಕದಾಗೆ ನೀವೊಬ್ರೇನಾ ನಿಂತ್ಕಂಡು ಪಾಠ ಮಾಡೋದು?"

"ಯಾವಾಗಿಂದ?"

"ನಿಮಗಿಂತ ಮುಂಚಿಂದ. ಅಲ್ಲೇ ತೋರಿಸ್ದೆ, ನಿಮ್ಮಂಥದ್ದೇ ಸಾಕ್ಸು ಕೊಟ್ರು. ಬ್ಯಾಗಿನಾಗೈತೆ."

"ಅದನ್ನ ಯಾರು ಹಾಕ್ತಾರೆ ನಿನಗೆ?"

"ಯಾರು ಬಂದು ಹಾಕ್ತಾರೆ? ನಾನೇ ಹಾಕ್ಕಂತೀನಿ. ಇಲ್ಲಿಗೆ ಬಂದಾಗ ಬಿಚ್ಚಿಟ್ಟಿರ್ತೀನಿ. ನೀವು ನೋಡಿದ್ರೆ ಸುಮ್ನೆ ಗಾಬರಿ ಬೀಳ್ತೀರಿ."

ಅವಳ ಕೈಚಳಕವನ್ನು ನಾನು ಪ್ರೀತಿಯ ಮಹಿಮೆ ಅಂದುಕೊಂಡಿದ್ದೆ. ಅದು ಅಭ್ಯಾಸಬಲ! ಊರ ಮಕ್ಕಳಿಗೆಲ್ಲ ಅಭಿಧಮನಿ ತೋರಿಸಿದವನು ಮನೆಯವಳ ಕಾಲು ನೋಡಿರಲಿಲ್ಲ. ನಾಚಿಕೆಯಿಂದ ಸತ್ತುಹೋದೆ. "ಕೂತ್ಕೋ ಇಲ್ಲಿ, ಕಾಲು ಕೊಡು" ಎಂದೆ.

"ಅಯ್ಯೋ ಬಿಡ್ರೀ, ಗಂಡನ ಕೈಲಿ ಯಾರಾದ್ರೂ ಕಾಲು ಹಿಡಿಸ್ಕಂತಾರಾ? ಬಾಗಿಲು ಬೇರೆ ತೆಗ್ದೈತೆ."

ಎದ್ದು ಬಾಗಿಲು ಹಾಕಿ ಬಂದೆ. ಬ್ಯಾಗಿನಿಂದ ಅವಳ ಕಾಲುಚೀಲ ತೆಗೆದೆ, ಪಾದವನ್ನು ಮಡಿಲಿಗೆ ಎಳೆದುಕೊಂಡೆ. ಬೇಡಬೇಡವೆಂದು ಮುದುಡಿಕೊಳ್ಳುತ್ತಿದ್ದ ಆ ಪಾದ ತಣ್ಣಗಿತ್ತು. ಅದರ ಮೇಲೇ ಗಮನವಿದ್ದದ್ದರಿಂದ ನನ್ನ ಕೈ ತನ್ನಷ್ಟಕ್ಕೆ ದಿಂಬಿನ ಕೆಳಗೆ ಹೋಯಿತು. ಕವರು ಹಾಕಿ, ಚೀಲ ಏರಿಸಿ, ಸರ್ರನೆ ಕವರು ಎಳೆದೆ. ಇನ್ನೊಂದು ಕಾಲಿಗೂ ಹಾಗೇ. ಮುಗಿಸಿ ಹೆಮ್ಮೆಯಿಂದ ತಲೆ ಎತ್ತಿದರೆ ಅವಳು ನನ್ನನ್ನೇ ನೋಡುತ್ತಿದ್ದಳು.

"ಯಾವಾಗ ಕಲಿತ್ರಿ ಇದನ್ನ?"

"ಅದು... ದೀಪಾವಳಿ ಹೊತ್ತಿಗೆ."

"ಅಲ್ರೀ, ಈ ಕಾಲು ಇಟ್ಕಂಡು ನಾನು ಮೂರು ಬಸ್ಸು ಹತ್ತಿ ಇಳಿದು ಬರ್ತಿದ್ದೆ, ನಿಮಗೆ ಸಾಕ್ಸು ಹಾಕಾಕೆ!"

"ಗೊತ್ತಾದ್ರೆ ನೀನು ಬರಲ್ಲ ಅಂತ ಹೇಳ್ಲಿಲ್ಲ ಕಣೇ. ನೀನಿಲ್ಲದ ಮನೇಲಿ ನನಗೆ ಇರೋಕಾಗಲ್ಲ" ಅಂದೆ. ಮದುವೆಯಾದಾಗಿನಿಂದ ಹೇಳದ ಮಾತು ಅದು, ಬಾಯಿತಪ್ಪಿ ಬಂತು. ಅವಳು ಬ್ಯಾಗು ಎತ್ತಿಕೊಂಡಳು. ಊಟಕ್ಕೂ ನಿಲ್ಲದೆ ಬೇಗನೆ ಹೊರಟಳು. ಬಾಗಿಲಲ್ಲಿ, "ಮುಂದಿನ ವಾರ ನಾನು ಬರಲ್ಲ" ಎಂದಷ್ಟೇ ಹೇಳಿದಳು.

ಆ ವಾರ ಕಳೆದದ್ದನ್ನು ಏನು ಹೇಳಲಿ. ಬೆಳಗ್ಗೆ ಕಾಲುಚೀಲ ಹಿಮ್ಮಡಿಯಲ್ಲಿ ಒಂದು ಕ್ಷಣವೂ ನಿಲ್ಲದೆ ಏರುತ್ತಿತ್ತು. ಅದು ಅಷ್ಟು ಸಲೀಸಾಗಿ ಏರುವುದನ್ನು ಕಂಡರೆ ಸಿಟ್ಟು ಬರುತ್ತಿತ್ತು. ಫೋನು ಮಾಡಿದರೆ "ಕ್ಲಾಸಿನಾಗಿದೀನಿ" ಎನ್ನುತ್ತಿದ್ದಳು. ಒಬ್ಬನಿಗೆ ಮಾಡಿದ ಅನ್ನ ಎರಡು ಹೊತ್ತಿಗೂ ಉಳಿಯುತ್ತಿತ್ತು.

ಶುಕ್ರವಾರ ಸಂಜೆ ಅವಳೇ ಫೋನು ಮಾಡಿದಳು. ಧ್ವನಿ ಬಹಳ ಬಿಗಿಯಾಗಿತ್ತು. "ರೀ, ಯಾಕೋ ಈ ವಾರ ನನಗೆ ಸಾಕ್ಸು ಹಾಕ್ಕಳಾಕೆ ಆಗ್ತಿಲ್ಲ."

"ಎಲ್ಲಿ ತನಕ ಬರ್ತೈತೆ?"

"ಹಿಮ್ಮಡಿ ಹತ್ರ ನಿಂತುಬಿಡ್ತೈತೆ."

ನನಗಿಂತ ಮುಂಚಿನಿಂದ ತಾನೇ ಹಾಕಿಕೊಳ್ಳುತ್ತಿದ್ದವಳಿಗೆ, ಅದೂ ಕವರಿನ ಗುಟ್ಟನ್ನು ಕಣ್ಣಾರೆ ನೋಡಿಹೋದವಳಿಗೆ, ಈಗ ಹೇಗೆ ಆಗದೆ ಹೋಯಿತು? ವಿಜ್ಞಾನದ ಮೇಷ್ಟ್ರಾದವನು ಅದನ್ನು ಕೇಳಬೇಕಾಗಿತ್ತು. ನಾನು ಕೇಳಲಿಲ್ಲ. "ನಾಳೆ ಶಾಲೆ ಬಿಟ್ಟ ತಕ್ಷಣ ಬಸ್ಸು ಹತ್ತುತೀನಿ ಕಣೇ. ನಿನ್ನ ಕೈಲಿ ಆಗೋ ಕೆಲಸ ಅಲ್ಲ ಅದು, ನಾನು ಬರೋತನಕ ನೀನು ಪ್ರಯತ್ನನೂ ಮಾಡಬೇಡ" ಅಂದೆ.