ಗಾಬರಿರಾಯರು ನನ್ನನ್ನು ಗೇಟಿನವರೆಗೆ ಓಡಿಸಿದ ಬಗ್ಗೆ

ಪುಣೆ,
೩೦ ಮಾರ್ಚ್ ೨೦೦೪

ಮಾನ್ಯ ಶ್ರೀ ಗಾಬರಿರಾಯರ ಸನ್ನಿಧಾನಕ್ಕೆ,

ಮಾನ್ಯರೇ,

ಹುಟ್ಟಿನಿಂದ ಧಾರವಾಡದವನೂ, ಹದಿನೆಂಟು ವರ್ಷಗಳಿಂದ ಪುಣೆಯವನೂ, ಹಡಪಸರದ ಒಂದು ಬಣ್ಣದ ಕಾರ್ಖಾನೆಯಲ್ಲಿ ಸುರಕ್ಷಾ ಅಧಿಕಾರಿಯೂ ಆಗಿರುವ ಅವಧೂತ ಗಲಗಲಿಯು ತಮ್ಮ ಪಾದಗಳಿಗೆ, ಅವು ಎಲ್ಲಿವೆಯೆಂದು ಯಾವ ಡಾಕ್ಟರೂ ತೋರಿಸಿಲ್ಲವಾದ್ದರಿಂದ ಅಂದಾಜಿನ ಮೇಲೆ, ಸಾಷ್ಟಾಂಗ ನಮಸ್ಕಾರ ಮಾಡಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ಕ್ಷೇಮವಾಗಿರುವುದು ನನಗೆ ಗೊತ್ತಿದೆ, ನನ್ನ ಎದೆಯೊಳಗೇ ಬಿಡಾರ ಹೂಡಿದ್ದೀರಿ. ನನ್ನ ಕ್ಷೇಮದ ಬಗ್ಗೆಯೇ ಈ ಪತ್ರ. ಇದನ್ನು ಬಹಿರಂಗವಾಗಿ ಏಕೆ ಬರೆಯುತ್ತಿದ್ದೇನೆ ಎಂದರೆ, ಗುಟ್ಟು ಮಾಡಿ ನೋಡಿದ್ದಾಗಿದೆ. ಅದರಿಂದ ಅನುಕೂಲವಾದದ್ದು ತಮಗೊಬ್ಬರಿಗೇ.

ನಮ್ಮ ಮೊದಲ ಭೇಟಿ ತಮಗೆ ನೆನಪಿರಬಹುದು. ೨೦೦೧ರ ಜೂನ್, ಕೋಥರೂಡದಿಂದ ಹಡಪಸರಕ್ಕೆ ಹೋಗುವ ಸಿಟಿ ಬಸ್ಸು, ಬೆಳಗಿನ ಏಳೂವರೆ. ನನಗೆ ಸೀಟು ಸಿಕ್ಕಿತ್ತು, ಕಿಟಕಿಯೂ ಸಿಕ್ಕಿತ್ತು, ಪುಣೆಯಲ್ಲಿ ಇಷ್ಟು ಸಿಕ್ಕ ಮನುಷ್ಯ ಗಾಬರಿಯಾಗಲು ಯಾವ ಕಾರಣವೂ ಇರಲಿಲ್ಲ. ಆಗ ತಾವು ಟಿಕೀಟಿಲ್ಲದೆ ಹತ್ತಿ, ಎದೆ ಡವಡವ ಹೊಡೆಸಿ, ಕೈ ಜುಮುಗುಟ್ಟಿಸಿ, ಉಸಿರು ಕಟ್ಟಿಸಿ, ಇನ್ನೇನು ಸತ್ತೇ ಹೋದೆ ಎಂದು ನನಗೆ ಮನವರಿಕೆ ಮಾಡಿಕೊಟ್ಟು, ಹತ್ತು ನಿಮಿಷದಲ್ಲಿ ಏನೂ ಆಗದವರಂತೆ ಇಳಿದು ಹೋದಿರಿ. ಇಸಿಜಿ ತೆಗೆದವರು ಹೃದಯ ಗಟ್ಟಿಯಾಗಿದೆ ಎಂದರು. ಹೀಗೆ ಆರೇಳು ಭೇಟಿಗಳಾದ ಮೇಲೆ ಟಿಳಕ ರಸ್ತೆಯ ಮನೋವೈದ್ಯೆಯೊಬ್ಬರು ತಮ್ಮನ್ನು ಹೆಸರು ಹಿಡಿದು ಗುರುತಿಸಿ, ದಿನಕ್ಕೊಂದು ಬಿಳಿ ಮಾತ್ರೆ ಬರೆದುಕೊಟ್ಟರು. ದಸರೆಯ ಹೊತ್ತಿಗೆ ತಾವು ನಾಪತ್ತೆಯಾದಿರಿ.

ಇಲ್ಲಿ ನನ್ನ ಉದ್ಯೋಗದ ಒಂದು ಪದ್ಧತಿ ಹೇಳಬೇಕು. ನಮ್ಮ ಗೇಟಿನಲ್ಲಿ ಒಂದು ಕರಿಹಲಗೆ ಇದೆ. ಅಪಘಾತವಿಲ್ಲದೆ ಎಷ್ಟು ದಿನಗಳಾದವೆಂದು ಪ್ರತಿ ಬೆಳಿಗ್ಗೆ ಅದರ ಮೇಲೆ ಬರೆಯುವವನು ನಾನು. ಅದೇ ಚಟಕ್ಕೆ ಬಿದ್ದು ಮನೆಯ ಕ್ಯಾಲೆಂಡರಿನ ಮೂಲೆಯಲ್ಲಿ ತಾವು ಬಾರದ ದಿನಗಳನ್ನೂ ಬರೆಯತೊಡಗಿದೆ. ಸಂಖ್ಯೆ ಎಂಟುನೂರಕ್ಕೆ ಮುಟ್ಟಿದ ದಿನ ಶ್ರೀಖಂಡ ತಂದು, ತಿಂದು, ಡಾಕ್ಟರಿಗೆ ಒಂದು ಮಾತೂ ಹೇಳದೆ ಉಳಿದ ಮಾತ್ರೆಗಳನ್ನು ಕಸದ ಬುಟ್ಟಿಗೆ ಹಾಕಿಬಿಟ್ಟೆ. ನನ್ನ ಹೆಂಡತಿ ಮಂಜರಿ ಬುಟ್ಟಿಯನ್ನೊಮ್ಮೆ ನನ್ನನ್ನೊಮ್ಮೆ ನೋಡಿ, "ಬೆಂಕಿ ಹತ್ತಿಲ್ಲಂತ ಫ್ಯಾಕ್ಟರಿ ಬಕೀಟಿನ ಉಸುಕು ಚೆಲ್ತೀರೇನ್ರಿ?" ಎಂದು ಕೇಳಿದಳು. ಅದೇ ಬೇರೆ ಇದೇ ಬೇರೆ ಎಂದು ಸುರಕ್ಷಾ ಅಧಿಕಾರಿಗಳು ಗಂಭೀರವಾಗಿ ಉತ್ತರ ಕೊಟ್ಟರು.

ಮುಂದಿನದು ತಮಗೇ ಗೊತ್ತು. ತಮ್ಮ ಸಮಯಪ್ರಜ್ಞೆಯನ್ನು ಹೊಗಳಲು ನನ್ನಲ್ಲಿ ಶಬ್ದಗಳಿಲ್ಲ. ಗ್ಯಾಸ್ ಸಿಲಿಂಡರಿಗೆ ಮೂರು ಸಲ ಫೋನ್ ಮಾಡಬೇಕಾದ ಈ ಊರಿನಲ್ಲಿ, ಕರೆಯದೆಯೇ, ಮೂರೇ ವಾರದೊಳಗೆ, ತಾವು ಮರಳಿ ಬಂದಿರಿ. ಮೊದಲು ತರಕಾರಿ ಮಂಡಿಯಲ್ಲಿ, ಆಮೇಲೆ ಕ್ಷೌರದ ಕುರ್ಚಿಯಲ್ಲಿ, ಅರ್ಧ ಗಡ್ಡಕ್ಕೆ ಸೋಪು ಹಚ್ಚಿಕೊಂಡು ನಾನು ರಸ್ತೆಗೆ ಬಂದು ನಿಂತದ್ದನ್ನು ನಮ್ಮ ಗಲ್ಲಿಯವರು ಇನ್ನೂ ಮರೆತಿಲ್ಲ. ಇಷ್ಟನ್ನೂ ನಾನು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ಆದರೆ ಜನವರಿ ಇಪ್ಪತ್ತರಂದು ಬೆಳಿಗ್ಗೆ ಹನ್ನೊಂದಕ್ಕೆ ತಾವು ಕಾರ್ಖಾನೆಗೇ ಬಂದಿರಿ.

ನಮ್ಮ ಬಣ್ಣ ಕಲಸುವ ಶೆಡ್ಡಿನಲ್ಲಿ ಥಿನ್ನರಿನ ಆವಿ ಇರುತ್ತದೆ, ಒಂದು ಕಿಡಿ ಸಾಕು, ವಿವರಣೆಗೆ ವೇಳೆ ಇರುವುದಿಲ್ಲ. ಆದ್ದರಿಂದ ಅಲ್ಲಿಯ ಅರವತ್ತೊಂದು ಜನರಿಗೆ ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ನಾನೇ ಉರು ಹೊಡೆಸಿದ ನಿಯಮವೊಂದಿದೆ: ಗಲಗಲಿ ಓಡಿದರೆ ಯಾಕೆಂದು ಕೇಳಬಾರದು, ಕೈಯಲ್ಲಿದ್ದದ್ದನ್ನು ಬಿಟ್ಟು ಹಿಂದೆಯೇ ಓಡಿ ಗೇಟಿನ ಬೇವಿನ ಮರದ ಕೆಳಗೆ ನಿಲ್ಲಬೇಕು. ತಾವು ನನ್ನ ಕುತ್ತಿಗೆ ಹಿಸುಕಿದಿರಿ, ನಾನು ಓಡಿದೆ. ಬೇವಿನ ಮರ ಹಿಡಿದುಕೊಂಡು ತಿರುಗಿ ನೋಡುತ್ತೇನೆ, ಅರವತ್ತೊಂದು ಜನ ಸಾಲಾಗಿ ನಿಂತಿದ್ದಾರೆ, ತಲೆ ಎಣಿಸುವುದನ್ನೂ ಆಗಲೇ ಮುಗಿಸಿದ್ದಾರೆ. ಐವತ್ತೈದು ಸೆಕೆಂಡು. ಬಾಲ್ಕನಿಯಿಂದ ನೋಡಿದ ಮ್ಯಾನೇಜರ ಸಾಹೇಬರು ಇದನ್ನು ಮುನ್ಸೂಚನೆಯಿಲ್ಲದ ಕವಾಯತು ಎಂದು ಭಾವಿಸಿ ಅಲ್ಲಿಂದಲೇ ಚಪ್ಪಾಳೆ ತಟ್ಟಿದರು. ನನಗೆ ಮಾತಾಡಲು ಉಸಿರಿರಲಿಲ್ಲ, ಅದನ್ನು ವಿನಯವೆಂದು ತಿಳಿದರು. ಮಾರ್ಚಿನ ಸುರಕ್ಷಾ ಸಪ್ತಾಹದಲ್ಲಿ ನನಗೊಂದು ಬಹುಮಾನದ ಕಪ್ ಕೊಟ್ಟು, ಹಾರ ಹಾಕಿ, ಭಾಷಣ ಮಾಡಿದರು. ನಾನು ಕೈಮುಗಿದು ಇಸಿದುಕೊಂಡೆ.

ಮಾನ್ಯರೇ, ನನಗೆ ನಿಜವಾದ ಹೆದರಿಕೆ ಹುಟ್ಟಿದ್ದು ಆ ಹಾರದ ಕೆಳಗೆ, ಅದರಲ್ಲಿ ತಮ್ಮ ಪಾಲು ಏನೂ ಇಲ್ಲ. ತಾವು ಮತ್ತೆ ಬಂದರೆ ನಾನು ಮತ್ತೆ ಓಡುತ್ತೇನೆ. ಎರಡು ಸಲ, ಮೂರು ಸಲ ಸುಳ್ಳೇ ಓಡಿದ ಮೇಲೆ ಜನ ನಾಲ್ಕನೆಯ ಸಲ ಏಳದೆ, ಯಾಕೆ ಎಂದು ಕೇಳುತ್ತಾರೆ. ಆ ನಾಲ್ಕನೆಯದು ಬೆಂಕಿಯಾಗಿದ್ದರೆ? ಅವರ ಜೀವ ಉಳಿಯುವುದು ಆ ಒಂದು ನಂಬಿಕೆಯ ಮೇಲೆ, ಅದನ್ನು ನಾನು ಹಾಳುಮಾಡಲು ಹೊರಟಿದ್ದೆ. ನನಗೆ ನಾಚಿಕೆಯಾಯಿತು, ಅಳುವೂ ಬಂತು.

ಮರುದಿನ ಊಟದ ಬಿಡುವಿನಲ್ಲಿ ಬೇವಿನ ಕೆಳಗೆ ಎಲ್ಲರನ್ನೂ ಕೂರಿಸಿ ತಮ್ಮ ಪರಿಚಯ ಮಾಡಿಕೊಟ್ಟೆ. ನಗುತ್ತಾರೆಂದು ಎಣಿಸಿದ್ದೆ. ಡಬ್ಬಿಗಳಿಗೆ ಲೇಬಲ್ ಅಂಟಿಸುವ ಯಾದಗಿರಿ ಕಡೆಯ ಕಲ್ಲವ್ವ ರೊಟ್ಟಿ ಮುರಿಯುತ್ತಲೇ, "ನಮ್ಮವ್ವಗೂ ಹಿಂಗ ಎದಿ ಹಾರ್ತಿತ್ರಿ ಸಾಹೇಬ್ರ," ಎಂದಳು. ಸ್ವಲ್ಪ ಯೋಚಿಸಿ, "ಅಂವ ಬಂದ್ರ ನೀವು ಕುಂದರ್ರಿ. ಬೆಂಕಿ ಬಂದ್ರ ಓಡ್ರಿ. ಕುಂತ್ರ ನಾವು ಕೆಲಸ ಮಾಡ್ತೀವಿ, ಓಡಿದ್ರ ಓಡ್ತೀವಿ. ಇದರಾಗ ಭಾಳ ತಲಿ ಕೆಡಿಸ್ಕೊಳ್ಳೋದೇನದ?" ಎಂದು ಉಪ್ಪಿನಕಾಯಿ ನಂಜಿಕೊಂಡಳು. ಅರವತ್ತೊಂದು ಜನ ಹೂಂ ಅಂದರು. ನಿಯಮ ತಿದ್ದುಪಡಿಯಾಯಿತು. ಟಿಳಕ ರಸ್ತೆಗೂ ಹೋಗಿ ಬೈಸಿಕೊಂಡು ಬಂದೆ. ಮಾತ್ರೆ ಮತ್ತೆ ಶುರುವಾಗಿದೆ, ಇನ್ನು ಬಿಡುವುದಿದ್ದರೆ ಡಾಕ್ಟರು ಹೇಳಿದಾಗ, ಅವರು ಹೇಳಿದಷ್ಟೇ ಸಾವಕಾಶವಾಗಿ.

ಆದ್ದರಿಂದ ತಮ್ಮಲ್ಲಿ ನನ್ನ ನಮ್ರ ಬೇಡಿಕೆಗಳು. ತಾವು ಬರುವುದೇ ಆದರೆ ಮೂರು ದಿನ ಮುಂಚಿತವಾಗಿ ಲಿಖಿತ ಸೂಚನೆ ಕೊಡಬೇಕು, ಮರಾಠಿಯಲ್ಲಿ ಕೊಟ್ಟರೂ ನಡೆಯುತ್ತದೆ. ನಮ್ಮ ವಾರದ ರಜೆ ಗುರುವಾರವಾದ್ದರಿಂದ ಅಂದೇ ಬರುವ ಕೃಪೆ ಮಾಡಬೇಕು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ಹಾಕಿ ಮಲಗುವ ಪುಣೆಯ ಅಂಗಡಿಕಾರರ ಶಿಸ್ತನ್ನು ತಾವೂ ರೂಢಿಸಿಕೊಂಡು, ಉಳಿದ ವೇಳೆಯಲ್ಲೂ ಅದನ್ನೇ ಮುಂದುವರಿಸಬೇಕು.

ಕಳೆದ ಮಂಗಳವಾರ ತಾವು ಸೂಚನೆಯಿಲ್ಲದೆಯೇ ಬಂದಿರಿ. ಶೆಡ್ಡಿನ ನಡುವೆ ಎದೆ ಹಾರಿತು, ಕಾಲು ಗೇಟಿನ ಕಡೆ ಎಳೆಯಿತು. ನಾನು ಒಂದು ಖಾಲಿ ಡಬ್ಬಿ ಬೋರಲು ಹಾಕಿ ಕೂತೆ. ಯಾರೂ ಏಳಲಿಲ್ಲ. ಕಲ್ಲವ್ವ ತಲೆ ಎತ್ತದೆ, "ಬಂದಾನೇನ್ರಿ?" ಎಂದಳು. ಹೌದು ಎಂದೆ. ಅವಳು ಲೇಬಲ್ ಅಂಟಿಸುತ್ತಲೇ ಇದ್ದಳು, ನಾನು ಡಬ್ಬಿಗಳನ್ನು ಎಣಿಸುತ್ತ ಕೂತಿದ್ದೆ. ನಲವತ್ತಮೂರನೆಯ ಡಬ್ಬಿಗೆ ತಾವು ಎದ್ದು ಹೋದಿರಿ. ನಾನು ಓಡಿರಲಿಲ್ಲ.

ಕೂತಲ್ಲಿಂದ ಏಳದ,
ತಮ್ಮ ವಿಶ್ವಾಸಿ,
ಅವಧೂತ ಗಲಗಲಿ

ತಾ.ಕ.: ನಿಜ ಹೇಳಿ ಬಹುಮಾನದ ಕಪ್ ಮರಳಿಸಲು ಹೋಗಿದ್ದೆ. ಓಟ ಸುಳ್ಳಾದರೂ ಐವತ್ತೈದು ಸೆಕೆಂಡು ಸುಳ್ಳಲ್ಲವೆಂದು ಮ್ಯಾನೇಜರ ಸಾಹೇಬರು ವಾಪಸು ಕಳಿಸಿದರು. ತಾವು ಗೆದ್ದುಕೊಟ್ಟ ಆ ಕಪ್ಪಿನಲ್ಲಿ ಮಂಜರಿ ಈಗ ನನ್ನ ಮಾತ್ರೆಗಳನ್ನು ಇಟ್ಟಿದ್ದಾಳೆ. ದಿನಾ ಬೆಳಿಗ್ಗೆ ಅದರೊಳಗೆ ಕೈ ಹಾಕುವಾಗ ತಮ್ಮ ಸ್ಮರಣೆ ಮಾಡುತ್ತೇನೆ, ಬರುವ ತೊಂದರೆ ತೆಗೆದುಕೊಳ್ಳಬೇಡಿ.