ಹನ್ನೆರಡನೇ ಕಳ್ಳನ ಐವತ್ತನೇ ತಿಥಿ

ನೆಝು ತೊಕುಜಿ ಮೊದಲ ಸಲ ಮನೆ ಬಿಟ್ಟದ್ದು ೧೯೫೬ರ ಮೇ ಹದಿನೆಂಟು, ಶುಕ್ರವಾರ, ಬೆಳಗ್ಗೆ ಎಂಟೂಕಾಲಕ್ಕೆ. ಇದು ಮಿನೊಸಾವಾ ಪುರಸಭೆಯ ಕಡತದಲ್ಲಿದೆ, ಆದ್ದರಿಂದ ಸತ್ಯ. ಆಗ ಅವನಿಗೆ ಹದಿನೈದು. ಶಾಲೆಯ ಚೀಲವನ್ನು ಹಿತ್ತಲಿನ ಕಾಕಿ ಹಣ್ಣಿನ ಮರಕ್ಕೆ ನೇತುಹಾಕಿ, ಹೊಳೆ ದಾಟಿ, ಆಚೆ ದಂಡೆಯಲ್ಲಿ ಸಮುರಾಯ್ ಚಿತ್ರ ತೆಗೆಯುತ್ತಿದ್ದವರ ಮುಂದೆ ಹೋಗಿ ನಿಂತ.

ಒಡೆಯನಿಲ್ಲದ ಸಮುರಾಯ್ ಒಬ್ಬ ಪಾಳೆಯಗಾರನ ಮಗಳನ್ನು ಕಣಿವೆ ದಾಟಿಸುತ್ತಾನೆ, ಮೂವತ್ತು ಕಳ್ಳರು ದಾರಿಯಲ್ಲಿ ಅಡ್ಡಗಟ್ಟುತ್ತಾರೆ: ಚಿತ್ರದ ಕಥೆ ಇಷ್ಟೇ. ತೊಕುಜಿ ಹನ್ನೆರಡನೇ ಕಳ್ಳ. ಹುಲ್ಲಿನ ಮಾಡಿನ ಮೇಲೆ ನಿಂತು ಒಂದು ಸಲ ಕಿರುಚುವುದು ಅವನ ಕೆಲಸ. ಇಬ್ಬನಿಗೆ ಹುಲ್ಲು ನೆನೆದಿತ್ತು, ಕಾಲು ಜಾರಿತು, ಬಿದ್ದ. ಸಮುರಾಯ್‌ನ ಕತ್ತಿ ಇನ್ನೂ ಒರೆಯಲ್ಲೇ ಇತ್ತು. ನಿರ್ದೇಶಕರು ಅದನ್ನು ಹಾಗೆಯೇ ಉಳಿಸಿಕೊಂಡರು. ಕತ್ತಿ ಹಿರಿಯುವ ಮೊದಲೇ ಶತ್ರು ಸಾಯುವ ಆ ದೃಶ್ಯ ಲೋಕಪ್ರಸಿದ್ಧವಾಯಿತು. ಅಮೆರಿಕದ ಚಿತ್ರಗಳಲ್ಲಿ ಕುದುರೆ ಸವಾರರು ಪಿಸ್ತೂಲು ತೆಗೆಯುವ ಮೊದಲೇ ಅವರ ವೈರಿಗಳು ಮಾಡಿನಿಂದ ಉರುಳತೊಡಗಿದರು. ಮೂರು ದೇಶಗಳ ವಿದ್ವಾಂಸರು ಆ ಬೀಳುವಿಕೆಯಲ್ಲಿ ಬೌದ್ಧ ಶೂನ್ಯವನ್ನು ಕಂಡು ದಪ್ಪ ಪುಸ್ತಕ ಬರೆದರು. ಇಬ್ಬನಿಯ ವಿಚಾರ ಯಾವುದರಲ್ಲೂ ಇಲ್ಲ.

ತೊಕುಜಿ ಮಾತ್ರ ಆ ಸಂಜೆ ಮನೆಗೆ ಹೋಗಲಿಲ್ಲ. ಚಿತ್ರದವರ ಲಾರಿ ಹತ್ತಿದ. ಆಮೇಲೆ ಮೀನಿನ ದೋಣಿ, ಸುರಂಗದ ಕೆಲಸ, ಸರ್ಕಸ್ಸಿನ ಡೇರೆ. ಎಲ್ಲಿಯೂ ಎರಡು ಚಳಿಗಾಲ ನಿಲ್ಲಲಿಲ್ಲ. ತಾಯಿ ತೀರಿಕೊಂಡ ಸುದ್ದಿ ಅವನನ್ನು ಹುಡುಕಿಕೊಂಡು ಬರಲು ಆರು ತಿಂಗಳು ಹಿಡಿಯಿತು. ೨೦೦೫ರ ಆಗಸ್ಟ್ ಮೊದಲ ವಾರ, ಅರವತ್ನಾಲ್ಕರ ತೊಕುಜಿ ಊರಿಗೆ ಬಂದ. ಮೊಣಕಾಲು ಎರಡೂ ಕೈಕೊಟ್ಟಿದ್ದವು. ತಾಯಿಯ ಮನೆ ಖಾಲಿ ಇತ್ತು. ಉಳಿದ ದಿನ ಅದರಲ್ಲಿ ಕಳೆಯಬೇಕು ಅನ್ನುವುದೊಂದೇ ಅವನ ಆಸೆ. ಅದಕ್ಕೆ ಬೇಕಾದದ್ದು ಪುರಸಭೆಯ ವಾಸದ ಪತ್ರ.

ಊರು ನೋಡಿದವನಿಗೆ ಕಣ್ಣು ಮಂಜಾಯಿತೇನೋ ಅನಿಸಿತು. ಎಲ್ಲವೂ ಬೂದು. ಚಿತ್ರ ಕಪ್ಪುಬಿಳುಪಿನದಾದ್ದರಿಂದ, ಪ್ರವಾಸಿಗಳಿಗಾಗಿ ಊರನ್ನು ಚಿತ್ರದಲ್ಲಿದ್ದಂತೆ ಉಳಿಸುವ ಪುರಸಭೆಯ ಪರಂಪರೆ ವಿಭಾಗದ ನಾಲ್ಕನೇ ನಿಬಂಧನೆಯಂತೆ ಚಿತ್ರದಲ್ಲಿ ಕಾಣುವ ಇಪ್ಪತ್ತು ಮನೆಗಳ ಆವರಣದಲ್ಲಿ ಬಣ್ಣಕ್ಕೆ ಅವಕಾಶವಿರಲಿಲ್ಲ. ಕೊಡೆಗಳು ಕಪ್ಪು, ಒಗೆದ ಬಟ್ಟೆ ಬಿಳಿ. ಕಾಕಿ ಹಣ್ಣು ಕೆಂಪಗಾಗುವ ಮುನ್ನ ಒಂದೊಂದಕ್ಕೂ ಕಾಗದದ ಚೀಲ. ಅಂಚೆಯ ಕೆಂಪು ಡಬ್ಬಿ ಸ್ಥಳಾಂತರವಾಗಿತ್ತು. ಸೂರ್ಯಾಸ್ತದ ಬಗ್ಗೆ ಮೇಲಿನವರಿಗೆ ಬರೆಯಲಾಗಿತ್ತು, ಉತ್ತರ ಬಂದಿರಲಿಲ್ಲ. ಚಿತ್ರದಲ್ಲಿ ಉರಿದುಹೋಗುವ ತೊಕುಜಿಯ ತಾಯಿಯ ಮನೆಗೆ (ಉರಿದದ್ದು ಪಕ್ಕದಲ್ಲಿ ಕಟ್ಟಿದ್ದ ಹಲಗೆಯ ಮನೆ) ಪ್ರತಿ ವಸಂತದಲ್ಲಿ ಮಸಿ ಬಳಿದು ‘ಸುಟ್ಟ ಮನೆ’ ಎಂದು ಫಲಕ ಹಾಕಲಾಗುತ್ತಿತ್ತು.

ಪರಂಪರೆ ವಿಭಾಗದ ಶಿಮೋಡಾ ಮೂವತ್ತೈದರ ವಿನಯವಂತ. ಎದ್ದು ನಿಂತು, ಸೊಂಟ ಬಗ್ಗಿಸಿ ನಮಸ್ಕರಿಸಿ, ತೊಕುಜಿ ಸಹಿಯ ಬದಲು ತನ್ನ ಹೆಸರಿನ ಮುದ್ರೆ ಒತ್ತಿದ್ದ ಅರ್ಜಿಯನ್ನು ತಿರುಗಿಸಿಟ್ಟ.

“ನೆಝು ಅವರೇ, ಎರಡು ತೊಂದರೆ ಇದೆ. ಮೊದಲನೇದು, ನಿಮ್ಮ ಮುದ್ರೆ ನೆಟ್ಟಗಿದೆ.”

“ಮುದ್ರೆ ನೆಟ್ಟಗಿರಬಾರದಾ?”

“ಎಡಕ್ಕೆ ಮೇಲಧಿಕಾರಿಗಳ ಮುದ್ರೆ ಬರತ್ತಲ್ಲ, ನಮ್ಮದು ಅವರ ಕಡೆ ಸ್ವಲ್ಪ ಬಾಗಿರಬೇಕು. ನಮಸ್ಕಾರ ಮಾಡಿದ ಹಾಗೆ. ಪರವಾಗಿಲ್ಲ, ಇನ್ನೊಂದು ಅರ್ಜಿ ಕೊಡ್ತೀನಿ.”

“ಎರಡನೇದು?”

“ತಾವು ತೀರಿಕೊಂಡಿದೀರಿ.” ಶಿಮೋಡಾ ಇನ್ನೊಮ್ಮೆ ಬಗ್ಗಿದ. “ನಮಗೂ ತುಂಬ ಬೇಜಾರಾಯ್ತು.”

“ಅದು ಸಿನಿಮಾದಲ್ಲಿ ಕಣಪ್ಪಾ!”

“ಆ ಮೂವತ್ತರಲ್ಲಿ ನಮ್ಮೂರಿನ ಕಳ್ಳರು ಹದಿನೆಂಟು ಜನ ಸ್ವಾಮಿ. ಹದಿನೇಳು ಜನ ಆ ಸಂಜೆ ಊಟಕ್ಕೆ ಮನೆಗೆ ಬಂದ್ರು. ಅವರು ಸತ್ತಿಲ್ಲ ಅಂತ ಖಾತ್ರಿಯಾಯ್ತು. ನೀವು ಸತ್ತಿದ್ದನ್ನ ಇಡೀ ಪ್ರಪಂಚ ನೋಡಿದೆ, ವಾಪಸ್ ಬಂದಿದ್ದನ್ನ ಯಾರೂ ನೋಡಿಲ್ಲ.”

“ಈಗ ನೀನು ನೋಡ್ತಿದೀಯಲ್ಲ?”

“ನಾನು ನೋಡಿದ್ರೆ ಸಾಲದು. ಹನ್ನೊಂದು ಮುದ್ರೆ ಬೇಕು.” ಶಿಮೋಡಾ ದನಿ ತಗ್ಗಿಸಿದ. “ಒಳ್ಳೇ ಹೊತ್ತಿಗೆ ಬಂದಿದೀರಿ. ಹತ್ತನೇ ತಾರೀಕು ನಿಮ್ಮ ಐವತ್ತನೇ ತಿಥಿ. ಮೇ ತಿಂಗಳಲ್ಲಿ ಬರಬೇಕಿತ್ತು, ಪ್ರವಾಸಿಗಳಿಗೆ ಅನುಕೂಲ ಅಂತ ಹಬ್ಬದ ಹತ್ತಿರಕ್ಕೆ ಇಟ್ಟಿದೀವಿ.”

ಆ ಸೀಮೆಯಲ್ಲಿ ಸತ್ತ ವರ್ಷವನ್ನೂ ಸೇರಿಸಿ ಎಣಿಸುತ್ತಾರೆ. ಐವತ್ತನೆಯದು ಕೊನೆಯದು. ಅದಾದ ಮೇಲೆ ಸತ್ತವನಿಗೆ ಸ್ವಂತ ಹೆಸರಿಲ್ಲ, ಪಿತೃಗಳ ರಾಶಿಯಲ್ಲಿ ಒಬ್ಬ. ತಕರಾರಿದ್ದರೆ ಅಷ್ಟರೊಳಗೆ ಸಲ್ಲಿಸಬೇಕು. ತಕರಾರು ವಿಚಾರಿಸುವ ಸಮಿತಿ ಸೇರುವುದು ಅಕ್ಟೋಬರಿನಲ್ಲಿ.

ತೊಕುಜಿ ಪಕ್ಕದ ಮನೆಯ ತಾಕೆ ಅಕ್ಕನ ತೋಫು ಅಂಗಡಿಯ ಅಟ್ಟದಲ್ಲಿ ಮಲಗಿಕೊಂಡ. ತಾಕೆ ಅಕ್ಕ ಅವನಿಗಿಂತ ಮೂರು ವರ್ಷಕ್ಕೆ ದೊಡ್ಡವಳು. ನೋಡಿದ ತಕ್ಷಣ ಗುರುತು ಹಿಡಿದಳು.

“ಏನೋ ಮುಂಡೇದೇ, ಐವತ್ತು ವರ್ಷದಿಂದ ನಿನಗೆ ಊದುಬತ್ತಿ ಹಚ್ತಿದೀನಿ. ಎಷ್ಟು ಕಟ್ಟು ಖರ್ಚಾಯ್ತು ಗೊತ್ತಾ?”

“ಅಕ್ಕಾ, ನೀನಾದ್ರೂ ಹೇಳು ಅವರಿಗೆ, ನಾನು ಬದುಕಿದೀನಿ ಅಂತ.”

“ಹೇಳಿದೆ. ಹತ್ತಿರದೋರಿಗೆ ಹಾಗೆ ಅನ್ಸೋದು ಸಹಜ ಅಮ್ಮಾ ಅಂದ ಶಿಮೋಡಾ. ಟೀ ಬೇರೆ ಕೊಟ್ಟ.”

ಹತ್ತನೇ ತಾರೀಕು ತಿಥಿ ಸಾಂಗವಾಗಿ ನಡೆಯಿತು. ಬದುಕುಳಿದಿದ್ದ ಆರು ಕಳ್ಳರು ಕರಿ ಕೋಟು ಹಾಕಿ ಬಂದರು. ಅವರಲ್ಲೊಬ್ಬ ತೊಕುಜಿಯ ಭುಜ ತಟ್ಟಿ, “ಒಳ್ಳೇ ಹುಡುಗ ಇದ್ದೆ ಕಣೋ ನೀನು,” ಎಂದು ಕಣ್ಣೊರೆಸಿಕೊಂಡ. ಪುರಾಧ್ಯಕ್ಷರು, ಹನ್ನೆರಡನೇ ಕಳ್ಳನ ಬಲಿದಾನವಿಲ್ಲದಿದ್ದರೆ ಈ ಊರು ನಕ್ಷೆಯಲ್ಲಿ ಇರುತ್ತಿರಲಿಲ್ಲವೆಂದರು. ಈ ಊರಿಗೆ ಯಾವ ಕಾಲದಲ್ಲೂ ಕಳ್ಳರು ಬಂದ ದಾಖಲೆಯಿಲ್ಲ. ಕದಿಯುವಂಥದ್ದು ಇರಲಿಲ್ಲ. ಊದುಬತ್ತಿ ಹಚ್ಚುವ ಸರದಿ ಬಂದಾಗ ಶಿಮೋಡಾ ತೊಕುಜಿಯ ಕಿವಿಯಲ್ಲಿ, “ಮೊದಲು ನೀವು ಹಚ್ಚಬೇಕು. ಮೃತರ ಹತ್ತಿರದ ಬಂಧು ಅಂತ ಇರೋದು ನೀವೊಬ್ಬರೇ,” ಅಂದ. ತೊಕುಜಿ ಹಚ್ಚಿದ. ಬಂದವರೆಲ್ಲರಿಗೂ ಕೊಟ್ಟಂತೆ ಅವನಿಗೂ ಒಂದು ಡಬ್ಬಿ ಬೀನ್ಸ್ ಮಿಠಾಯಿ ಕೊಟ್ಟರು.

ಎಲ್ಲರೂ ಹೋದ ಮೇಲೆ ಶಿಮೋಡಾ ಓಡಿಬಂದ. ಅವನ ಮುಖದಲ್ಲಿ ನಿಜವಾದ ಸಂತೋಷವಿತ್ತು.

“ನೆಝು ಅವರೇ, ದಾರಿ ಸಿಕ್ಕಿತು! ಬದುಕಿರೋರಿಗೆ ಸುಟ್ಟ ಮನೆ ಕೊಡೋಕೆ ನಿಬಂಧನೆ ಇಲ್ಲ. ಆದ್ರೆ ಬೋನ್ ಹಬ್ಬಕ್ಕೆ ಸತ್ತೋರು ಮನೆಗೆ ಬರೋದನ್ನ ಯಾರೂ ತಡೆಯೋ ಹಾಗಿಲ್ಲ. ಹದಿಮೂರರ ಸಂಜೆ ಬನ್ನಿ. ಹದಿನಾರರ ಸಂಜೆ ಹೊರಡಿ.”

“ಆಮೇಲೆ?”

“ಮುಂದಿನ ವರ್ಷ ಮತ್ತೆ ಬನ್ನಿ. ಉಳಿದ ಪಿತೃಗಳ ಜೊತೆ, ಗುಂಪಿನಲ್ಲಿ.”

ಹದಿಮೂರರ ಸಂಜೆ ಬಾಗಿಲಿಗೆ ಬೂದು ಕಾಗದದ ದೀಪ ಕಟ್ಟಿ ಬೀಗ ತೆಗೆದುಕೊಟ್ಟರು. ಒಲೆಯ ಪಕ್ಕ ತಾಯಿಯ ಅನ್ನದ ಬಟ್ಟಲು ಬೋರಲಾಗಿ ಇತ್ತು. ಅದರ ಪಕ್ಕದಲ್ಲಿ ಇನ್ನೊಂದು. ಮೂರು ದಿನ ತೊಕುಜಿ ನೆಲ ಒರೆಸಿದ. ಪ್ರವಾಸಿಗಳು ಕಿಟಕಿಯಿಂದ ಇಣುಕಿ, ಆತ್ಮ ತುಂಬ ಸಹಜವಾಗಿದೆ ಎಂದು ಮೆಚ್ಚಿದರು. ಎರಡನೆಯ ದಿನ ತಾಕೆ ಅಕ್ಕ ತೋಫು ತಂದು ಹೊಸ್ತಿಲ ಮೇಲೆ ಕೂತಳು.

“ನಿಮ್ಮಮ್ಮ ಸಿನಿಮಾ ಬಂದಾಗೆಲ್ಲ ಹೋಗೋಳು ಕಣೋ. ನೀನು ಜಾರೋ ಹೊತ್ತಿಗೆ ಸರಿಯಾಗಿ ಕುರ್ಚಿಯಿಂದ ಎದ್ದು ಕೈ ಚಾಚೋಳು, ಹಿಡ್ಕೊಳ್ಳೋ ಹಾಗೆ. ಹಿಂದಿನೋರು ಕೂತ್ಕೊಳಮ್ಮಾ ಅಂತ ಬಯ್ಯೋರು. ಪ್ರತಿ ಸಲ.”

“ಜಾರಿದ್ದು ಅಂತ ಅವಳಿಗೆ ಗೊತ್ತಿತ್ತಾ?”

“ಚಿಕ್ಕಂದಿನಿಂದ ಒದ್ದೆ ಹುಲ್ಲಿನ ಮೇಲೆ ನೀನು ಬೀಳೋದನ್ನ ನೋಡಿದೋಳು ಅವಳು. ವಿದ್ವಾಂಸರೇನು ನೋಡಿದಾರೆ?”

ತೊಕುಜಿ ಬೋರಲಾಗಿದ್ದ ಎರಡನೇ ಬಟ್ಟಲನ್ನು ಎತ್ತಿ, ತೋಫು ಹಾಕಿಕೊಂಡು ತಿಂದ.

ಹದಿನಾರರ ಸಂಜೆ ಅವನು ಚೀಲಕ್ಕೆ ಬಟ್ಟೆ ತುಂಬುತ್ತಿದ್ದಾಗ ಶಿಮೋಡಾ ನಿರ್ಗಮನ ಪತ್ರ ಹಿಡಿದು ಬಂದ. ತಾಕೆ ಅಕ್ಕ ಬದನೆಕಾಯಿಗೆ ನಾಲ್ಕು ಕಡ್ಡಿ ಚುಚ್ಚಿ ಮಾಡಿದ ಹಸುವನ್ನು ತಂದಿದ್ದಳು. ಪಿತೃಗಳು ಬರುವಾಗ ಸೌತೆಕಾಯಿ ಕುದುರೆಯಲ್ಲಿ ಓಡಿಬರುತ್ತಾರೆ, ಹೋಗುವಾಗ ಬದನೆಕಾಯಿ ಹಸುವಿನ ಮೇಲೆ ತಡಮಾಡಿಕೊಂಡು ಹೋಗುತ್ತಾರೆ. ನೇರಳೆ ಬಣ್ಣ ಕಂಡು ಶಿಮೋಡಾ ಕ್ಷಮೆ ಕೇಳಿ, ಹಸುವಿಗೆ ಬೂದು ಕಾಗದ ಸುತ್ತಿದ.

“ಇಲ್ಲಿ ನಿಮ್ಮ ಮುದ್ರೆ ಸ್ವಾಮಿ.”

ತೊಕುಜಿ ಅಭ್ಯಾಸವಾದವನಂತೆ ಮುದ್ರೆಯನ್ನು ಎಡಕ್ಕೆ ಬಾಗಿಸಿದ. ಶಿಮೋಡಾ ಗಾಬರಿಯಿಂದ ಅವನ ಕೈ ಹಿಡಿದ.

“ಛೆ ಛೆ, ನೀವು ನೆಟ್ಟಗೆ ಹಾಕಬೇಕು. ನೀವೀಗ ಪಿತೃ.”

ಪತ್ರದಲ್ಲಿ ತೊಕುಜಿಯ ಜಾಗ ಎಲ್ಲರಿಗಿಂತ ಎಡಕ್ಕಿತ್ತು. ಗುಮಾಸ್ತನಿಂದ ಹಿಡಿದು ಪುರಾಧ್ಯಕ್ಷರವರೆಗೆ ಹನ್ನೊಂದು ಮುದ್ರೆಗಳು ಆ ಖಾಲಿ ಜಾಗದ ಕಡೆಗೆ ತಲೆಬಾಗಿ ಆಗಲೇ ಕಾಯುತ್ತಿದ್ದವು. ವಾಸಕ್ಕೆ ಸಿಗದ ಹನ್ನೊಂದೂ ನಿರ್ಗಮನಕ್ಕೆ ಒಂದೇ ದಿನದಲ್ಲಿ ಸಿಕ್ಕಿದ್ದವು. ತೊಕುಜಿ ನೆಟ್ಟಗೆ ಒತ್ತಿದ. ಶಿಮೋಡಾ ಸೊಂಟ ಬಗ್ಗಿಸಿ ನಮಸ್ಕರಿಸಿದ, ಕಿಟಕಿಯಾಚೆಯ ಪ್ರವಾಸಿಗಳೂ ಬಗ್ಗಿದರು.

ತೊಕುಜಿ ಪತ್ರವನ್ನು ಮಡಚಿ ಚೀಲದ ತಳಕ್ಕಿಟ್ಟ. ಅದರ ಮೇಲೆ ಎರಡನೇ ಬಟ್ಟಲು, ಬಟ್ಟಲೊಳಗೆ ಹಸು. ಬಾಯಿ ಕಟ್ಟಿದ.

“ಮೆಟ್ಟಿಲು ನೋಡ್ಕೊಂಡು ಇಳಿಯೋ,” ಅಂದಳು ತಾಕೆ ಅಕ್ಕ. “ನೀರು ಚೆಲ್ಲಿದೆ.”